ಪಿಕಪ್ ವಾಹನದ ಟರ್ಬೊ ಒತ್ತಡ: ಏರಿಸುವ ಮುನ್ನ ಅಳೆಯಿರಿ

ತರಕಾರಿಯಾಗಲಿ, ಶುಂಠಿಯಾಗಲಿ, ಹೂವಾಗಲಿ, ಬೆಳೆದ ಮಾಲನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸಲು ಇಂದು ಅನೇಕ ರೈತರು ಸ್ವಂತ ಡೀಸೆಲ್ ಪಿಕಪ್ ವಾಹನವನ್ನೇ ನೆಚ್ಚಿಕೊಂಡಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಸಾಲ ಮಾಡಿ ಕೊಂಡವು. ಏರು ದಾರಿಯಲ್ಲಿ ಗಾಡಿ ಎಳೆಯುತ್ತಿಲ್ಲವೆಂದು ಗ್ಯಾರೇಜಿಗೆ ಹೋದರೆ "ಟರ್ಬೊ ಸ್ವಲ್ಪ ಏರಿಸೋಣ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಈ ಸಲಹೆಯನ್ನು ಒಪ್ಪುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಅನುಭವ

ಬೇಸಾಯಶಾಸ್ತ್ರದ ಅಧ್ಯಾಪಕನಿಗೆ ಇಂಜಿನ್ನಿನ ಉಸಾಬರಿ ಏಕೆಂದು ಓದುಗರು ಕೇಳಬಹುದು. ಹಾಸನ ಜಿಲ್ಲೆಯಲ್ಲಿ ನನ್ನ ತಮ್ಮ ಬೇಸಾಯ ಮಾಡುತ್ತಾನೆ. ಹಳೆಯ ನಮೂನೆಯ ಒಂದು ಟರ್ಬೊ ಪಿಕಪ್ ಅವನಲ್ಲಿತ್ತು. ತರಕಾರಿ ತುಂಬಿಕೊಂಡು ಮಂಗಳೂರಿಗೆ ಇಳಿಯುವುದು, ಬರುವಾಗ ಹಿಂಡಿಯ ಚೀಲ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವುದು ಅವನ ವಾಡಿಕೆ. ಒಂದು ಮಳೆಗಾಲ ಕಳೆದ ಮೇಲೆ ಗಾಡಿ ಘಾಟಿಯಲ್ಲಿ ಸೋಲತೊಡಗಿತು. ಗ್ಯಾರೇಜಿನವರು ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸಿದರು, ಟರ್ಬೊ ಸರಳನ್ನು ಬಿಗಿ ಮಾಡಿ ಗಾಳಿಯ ಒತ್ತಡವನ್ನೂ ಏರಿಸಿದರು. "ಅಣ್ಣಾ, ಈಗ ಗಾಡಿ ಎತ್ತಿನ ಹಂಗೆ ಎಳೀತದೆ" ಎಂದು ತಮ್ಮ ಫೋನ್ ಮಾಡಿದ. ನಾನೂ ಸಂತೋಷಪಟ್ಟೆನೇ ಹೊರತು, ಎಷ್ಟು ಏರಿಸಿದರು, ಯಾವುದರಿಂದ ಅಳೆದರು ಎಂದು ಕೇಳಲಿಲ್ಲ. ಆರು ವಾರಗಳ ನಂತರ ಗುಂಡ್ಯ ದಾಟಿ ಏರು ಹತ್ತುವಾಗ ಇಂಜಿನ್ ಬಡಿದುಕೊಂಡು ನಿಂತಿತು. ಬಿಚ್ಚಿ ನೋಡಿದಾಗ ಒಂದು ಪಿಸ್ಟನ್ನಿನ ತಲೆ ಕರಗಿ ತೂತಾಗಿತ್ತು. ಆ ವರ್ಷ ಶುಂಠಿಯಲ್ಲಿ ಉಳಿದ ಹಣವೆಲ್ಲ ಇಂಜಿನ್ನಿಗೆ ಹೋಯಿತು.

ಮೂಲ ದೋಷ ಸಿಕ್ಕಿದ್ದು ಆಮೇಲೆ. ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಕೊಳವೆ ಕ್ಲಿಪ್ಪಿನ ಬಳಿ ಸೀಳಿತ್ತು. ಟರ್ಬೊ ಒತ್ತಿ ಕಳಿಸಿದ ಗಾಳಿಯ ಒಂದು ಭಾಗ ಆ ಸೀಳಿನಿಂದ ಹೊರಹೋಗುತ್ತಿತ್ತು. ಕೊಳವೆ ಬದಲಿಸಿದ್ದರೆ ಸಾಕಾಗಿತ್ತು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದ ನಾನು, ನನ್ನ ಮನೆಯ ಗಾಡಿಯ ವಿಷಯದಲ್ಲಿ ಅದನ್ನೇ ಮರೆತಿದ್ದೆ.

ಟರ್ಬೊ ಮಾಡುವ ಕೆಲಸ

ಇಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ ಇಂಜಿನ್ನಿಗೆ ಕಳಿಸುತ್ತದೆ. ಈ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಸಣ್ಣ ಇಂಜಿನ್ನುಗಳ ಟರ್ಬೊ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದನ್ನು ಎತ್ತಿ ಹಿಡಿದಿರುವುದು ತೆಳುವಾದ ಎಣ್ಣೆಯ ಪದರ ಮಾತ್ರ.

ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಒತ್ತಡದಲ್ಲಿ ಗಾಳಿ ಇಂಜಿನ್ನಿಗೆ ಹೋಗುತ್ತದೆಯೋ ಅದಕ್ಕೆ ಬೂಸ್ಟ್ ಎನ್ನುತ್ತಾರೆ. ಇದನ್ನು ಬಾರ್ ಅಥವಾ ಪೌಂಡಿನಲ್ಲಿ ಅಳೆಯುತ್ತಾರೆ. ಒಂದು ಬಾರ್ ಎಂದರೆ ಚದರ ಅಂಗುಲಕ್ಕೆ ಸುಮಾರು 14.5 ಪೌಂಡು. ಬೂಸ್ಟ್ ಮಿತಿ ಮೀರದಂತೆ ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲು ಕಾಯುತ್ತದೆ. ಕೆರೆಯ ಕೋಡಿ ಹೆಚ್ಚಿನ ನೀರನ್ನು ಹೊರಬಿಡುವಂತೆ, ಈ ಬಾಗಿಲು ಹೆಚ್ಚಿನ ಹೊಗೆಯನ್ನು ಟರ್ಬೊ ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಹರಿಯಬಿಡುತ್ತದೆ. ಬಾಗಿಲನ್ನು ನಡೆಸುವ ಸರಳನ್ನು ಗಿಡ್ಡ ಮಾಡಿದರೆ ಅದು ತಡವಾಗಿ ತೆರೆಯುತ್ತದೆ, ಬೂಸ್ಟ್ ಏರುತ್ತದೆ. ಕೋಡಿಯನ್ನು ಎತ್ತರಿಸಿದರೆ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುವುದು ನಿಜ. ಆದರೆ ಏರಿಯ ಬಲವೂ ಅದಕ್ಕೆ ತಕ್ಕಂತಿರಬೇಕು.

ಶಕ್ತಿ ಬರುವುದು ಡೀಸೆಲಿನಿಂದ

ಬೂಸ್ಟ್ ತಾನಾಗಿಯೇ ಶಕ್ತಿಯಲ್ಲ. ಶಕ್ತಿ ಇರುವುದು ಡೀಸೆಲಿನಲ್ಲಿ, ಗಾಳಿ ಅದನ್ನು ಉರಿಸುತ್ತದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 12 ಕಿಲೊಗ್ರಾಂ ಗಾಳಿ ಬೇಕು. ಹೊಗೆಯಿಲ್ಲದೆ ಉರಿಯಬೇಕಾದರೆ ಕನಿಷ್ಠ 15ರಿಂದ 17 ಕಿಲೊಗ್ರಾಂ ಬೇಕಾಗುತ್ತದೆ.

ಬೆಳೆಯ ಇಳುವರಿಯನ್ನು ಅತಿ ಕೊರತೆಯಲ್ಲಿರುವ ಪೋಷಕಾಂಶವೇ ನಿರ್ಧರಿಸುತ್ತದೆ ಎಂಬ ಕನಿಷ್ಠತೆಯ ನಿಯಮವನ್ನು ಲೀಬಿಗ್ ಪ್ರಚುರಪಡಿಸಿದರು. ಇಂಜಿನ್ನಿಗೂ ಇದನ್ನು ಅನ್ವಯಿಸಿ ನೋಡಬಹುದು. ನೀರಿಲ್ಲದ ಹೊಲಕ್ಕೆ ಯೂರಿಯಾ ಸುರಿದರೆ ಪೈರು ಒಣಗುವಂತೆ, ಗಾಳಿ ಸಾಲದ ಇಂಜಿನ್ನಿಗೆ ಡೀಸೆಲ್ ಹೆಚ್ಚಿಸಿದರೆ ಕಪ್ಪು ಹೊಗೆ ಬರುತ್ತದೆ, ಉರಿಯ ಬಿಸಿ ಏರುತ್ತದೆ. ಡೀಸೆಲ್ ಹೆಚ್ಚಿಸದೆ ಬೂಸ್ಟ್ ಒಂದನ್ನೇ ಏರಿಸಿದರೆ ಹೊಗೆ ಕಡಿಮೆಯಾಗಬಹುದು, ಆದರೆ ಎಳೆತ ಹೆಚ್ಚೇನೂ ಬದಲಾಗದು. ನನ್ನ ತಮ್ಮನ ಗಾಡಿಯಲ್ಲಿ ಡೀಸೆಲ್ ಹೆಚ್ಚಾಯಿತು, ಆದರೆ ಗಾಳಿ ದಾರಿಯಲ್ಲೇ ಸೋರಿಹೋಯಿತು. ಆರು ವಾರ ಗಾಡಿ ಚೆನ್ನಾಗಿ ಎಳೆದಂತೆ ಕಂಡದ್ದು ಹೆಚ್ಚಿನ ಡೀಸೆಲಿನಿಂದ. ಪಿಸ್ಟನ್ ಕರಗಿದ್ದೂ ಅದರಿಂದಲೇ.

ಒತ್ತಡದ ಜೊತೆಗೆ ಬಿಸಿ

ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಟರ್ಬೊದಲ್ಲಿಯೂ ಹೀಗೆಯೇ. 35 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದಾಗ, ಟರ್ಬೊದ ದಕ್ಷತೆ ಶೇಕಡಾ 70 ಇದ್ದರೆ, ಗಾಳಿಯ ಬಿಸಿ ಸುಮಾರು 130 ಡಿಗ್ರಿಗೆ ಏರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಒತ್ತಡ ಎರಡು ಪಟ್ಟಾದರೂ ಇಂಜಿನ್ನಿಗೆ ಹೋಗುವ ಗಾಳಿಯ ತೂಕ ಒಂದೂವರೆ ಪಟ್ಟು ಮಾತ್ರ. ಇಂಟರ್‌ಕೂಲರ್ ಇದನ್ನು 60 ಡಿಗ್ರಿಗೆ ತಂಪಾಗಿಸಿದರೆ ತೂಕ ಸುಮಾರು 1.85 ಪಟ್ಟು ಆಗುತ್ತದೆ. ಆದ್ದರಿಂದ ಧೂಳು, ಕೆಸರು, ಹುಳುಹುಪ್ಪಟೆ ಮೆತ್ತಿದ ಇಂಟರ್‌ಕೂಲರನ್ನು ಶುಚಿಗೊಳಿಸುವುದೇ ಖರ್ಚಿಲ್ಲದ ಸುಧಾರಣೆ.

ಊರಿನ ಎತ್ತರವೂ ಮುಖ್ಯ. ಮಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 1.01 ಬಾರ್. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಅದು ಸುಮಾರು 0.91 ಬಾರ್. ಗೇಜಿನಲ್ಲಿ ಎರಡೂ ಕಡೆ ಒಂದೇ ಬಾರ್ ಬೂಸ್ಟ್ ಕಂಡರೂ ಘಟ್ಟದ ಮೇಲೆ ಅದನ್ನು ಕೊಡಲು ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ.

ಮೊದಲು ಕಳೆದುಹೋದ ಒತ್ತಡವನ್ನು ಹುಡುಕಿರಿ

ಮೊದಲು ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಈಗ ಎಳೆಯದಿದ್ದರೆ ಅದಕ್ಕೆ ಹೆಚ್ಚಿನ ಬೂಸ್ಟ್ ಬೇಕಿಲ್ಲ. ಇದ್ದ ಬೂಸ್ಟ್ ಎಲ್ಲಿ ಹೋಯಿತೆಂದು ನೋಡಬೇಕು. ಈ ಕ್ರಮದಲ್ಲಿ ಪರೀಕ್ಷಿಸುವುದು ಸೂಕ್ತ:

1. ಏರ್ ಫಿಲ್ಟರ್: ಮಣ್ಣು ರಸ್ತೆಯಲ್ಲಿ ಓಡುವ ಗಾಡಿಯ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಬೇಗ ಬದಲಿಸಬೇಕು. ಫಿಲ್ಟರ್ ಮತ್ತು ಟರ್ಬೊ ನಡುವಿನ ಕೊಳವೆ ಬಿರುಕು ಬಿಟ್ಟರೆ ಧೂಳು ನೇರವಾಗಿ ಒಳಹೋಗಿ ಚಕ್ರವನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತದೆ.

2. ಟರ್ಬೊದಿಂದ ಇಂಜಿನ್‌ವರೆಗಿನ ಕೊಳವೆಗಳು: ಎಣ್ಣೆಯ ಜಿಡ್ಡು ಕಂಡ ಕಡೆ ಸೋರಿಕೆ ಇರುವ ಸಂಭವ ಹೆಚ್ಚು. ಇಂಜಿನ್ ಓಡುತ್ತಿರುವಾಗ ಒಬ್ಬರು ವೇಗ ಏರಿಸಲಿ, ಮತ್ತೊಬ್ಬರು ಫ್ಯಾನ್ ಮತ್ತು ಬೆಲ್ಟಿನಿಂದ ದೂರ ನಿಂತು ಜಂಟಿಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದೇ ನೋಡಲಿ. ಎಳೆತ ಕಡಿಮೆ, ಕಪ್ಪು ಹೊಗೆ, ಸಿಳ್ಳೆಯಂಥ ಸದ್ದು, ಈ ಮೂರೂ ಸೇರಿದರೆ ಕೊಳವೆಯನ್ನೇ ಮೊದಲು ಶಂಕಿಸಬೇಕು.

3. ವೇಸ್ಟ್‌ಗೇಟ್: ಬಾಗಿಲು ತೆರೆದೇ ಕಚ್ಚಿಕೊಂಡಿದ್ದರೆ ಬೂಸ್ಟ್ ಬರುವುದಿಲ್ಲ. ಸರಳನ್ನು ನಡೆಸುವ ಡಬ್ಬಿಗೆ ಹೋಗುವ ಸಣ್ಣ ಕೊಳವೆ ಕಳಚಿದ್ದರೆ ಬಾಗಿಲು ತೆರೆಯದೆ ಬೂಸ್ಟ್ ಮಿತಿ ಮೀರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ.

4. ಡೀಸೆಲ್ ಫಿಲ್ಟರ್, ನಳಿಕೆಗಳು ಮತ್ತು ಬಿಗಿದುಕೊಂಡ ಬ್ರೇಕು: ಎಳೆತ ತಗ್ಗಲು ಇವೂ ಕಾರಣವಾಗಬಹುದು.

ಏರಿಸಲೇಬೇಕೆಂದಿದ್ದರೆ

ಎಲ್ಲವೂ ಸರಿಯಿದ್ದು, ಗಾಡಿ ಮೆಕ್ಯಾನಿಕಲ್ ಪಂಪಿನ ಹಳೆಯ ನಮೂನೆಯದಾಗಿದ್ದರೆ ಮಾತ್ರ ಮುಂದಿನ ಯೋಚನೆ ಮಾಡಬಹುದು. ಕಾಮನ್ ರೈಲ್ ಇಂಜಿನ್ನುಗಳಲ್ಲಿ ಡೀಸೆಲನ್ನೂ ಬೂಸ್ಟನ್ನೂ ಕಂಪ್ಯೂಟರ್ ಹೊಂದಿಸುತ್ತದೆ. ಸರಳು ಬಿಗಿ ಮಾಡಿದರೆ ಅದು ದೋಷವೆಂದು ತಿಳಿದು ಶಕ್ತಿಯನ್ನೇ ತಗ್ಗಿಸಬಹುದು. ಬಿ.ಎಸ್. 6 ಗಾಡಿಗಳಲ್ಲಿ ಹೊಗೆ ಶುದ್ಧಿಯ ಸಾಧನಗಳೂ ಕೆಡುತ್ತವೆ. ಅಂಥವನ್ನು ಮುಟ್ಟದಿರುವುದೇ ಲೇಸು. ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣ ನಿರ್ಬಂಧಿಸುತ್ತದೆ. ಆದ್ದರಿಂದ ಹಳೆಯ ಗಾಡಿಯ ವಿಷಯದಲ್ಲಿಯೂ ಸಾರಿಗೆ ಕಚೇರಿಯಲ್ಲಿ ಮತ್ತು ವಿಮಾ ಕಂಪನಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ಎರಡು ಗೇಜು ಕೂಡಿಸಿರಿ. ಒಂದು ಬೂಸ್ಟ್ ತೋರಿಸಲು, ಇನ್ನೊಂದು ಟರ್ಬೊಗೆ ಮುಂಚೆ ಹೊಗೆಯ ಬಿಸಿ ತೋರಿಸಲು. ಗೇಜಿಗೆ ಹಣವಿಲ್ಲವೆನ್ನುವವರು ಏರಿಸುವ ಗೊಡವೆಗೆ ಹೋಗಬಾರದು.

2. ಮೊದಲು ಏನನ್ನೂ ಬದಲಿಸದೆ, ಎಂದಿನ ಹೊರೆಯೊಡನೆ ಎಂದಿನ ಏರು ಹತ್ತಿ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿರಿ. ಪ್ರಾತ್ಯಕ್ಷಿಕೆಯ ತಾಕಿಗೆ ಹೋಲಿಕೆಯ ತಾಕು ಇರುವಂತೆ ಇದು.

3. ಒಂದು ಸಲಕ್ಕೆ 0.05 ಬಾರ್‌ಗಿಂತ ಹೆಚ್ಚು ಏರಿಸಬೇಡಿರಿ. ಪ್ರತಿ ಬದಲಾವಣೆಯ ನಂತರ ಅದೇ ಏರನ್ನು ಅದೇ ಹೊರೆಯೊಡನೆ ಹತ್ತಿ ನೋಡಿರಿ. ಕೈಪಿಡಿಯ ಅಂಕಿಗಿಂತ ಶೇಕಡಾ 10ನ್ನು ಮೀರುವುದು ನನ್ನ ಅಭಿಪ್ರಾಯದಲ್ಲಿ ಸಾಲದ ಗಾಡಿಗೆ ತಕ್ಕುದಲ್ಲ.

4. ಡೀಸೆಲ್ ಮತ್ತು ಬೂಸ್ಟ್ ಎರಡನ್ನೂ ಒಂದೇ ದಿನ ಬದಲಿಸಬೇಡಿರಿ. ಕೆಟ್ಟರೆ ಕಾರಣ ಯಾವುದೆಂದು ತಿಳಿಯುವುದಿಲ್ಲ.

5. ದೀರ್ಘ ಏರಿನಲ್ಲಿ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಕಾಲು ಸಡಿಲಿಸಿ ಕೆಳ ಗೇರಿಗೆ ಬನ್ನಿರಿ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಪಿಸ್ಟನ್ನಿನ ಮಿಶ್ರಲೋಹ ಅದಕ್ಕಿಂತಲೂ ಮೊದಲೇ ಮೆತ್ತಗಾಗುತ್ತದೆ. ಪಿಸ್ಟನ್ ಉಳಿಯುವುದು ಎಣ್ಣೆ ಮತ್ತು ನೀರು ಅದರ ಬಿಸಿಯನ್ನು ಸತತವಾಗಿ ಹೊರಕ್ಕೆ ಒಯ್ಯುತ್ತಿರುವುದರಿಂದ.

6. ಬಿಸಿ ಹೆಚ್ಚಾಗಿ ಎಳೆತ ಹೆಚ್ಚದಿದ್ದರೆ ಹಿಂದಿನ ಸ್ಥಿತಿಗೆ ತರಬೇಕು.

ಬೂಸ್ಟ್ ಏರಿದಂತೆ ಸಿಲಿಂಡರಿನೊಳಗಿನ ಒತ್ತಡವೂ ಏರುತ್ತದೆ. ಅದನ್ನು ತಡೆಯಬೇಕಾದವು ಹೆಡ್ ಗ್ಯಾಸ್ಕೆಟ್, ಬೋಲ್ಟು, ಬೇರಿಂಗು. ಅವು ಗಾಡಿ ಕೊಂಡ ದಿನದವೇ ಆಗಿರುತ್ತವೆ. ಕ್ಲಚ್ಚಿಗೂ ಈ ಮಾತು ಸಲ್ಲುತ್ತದೆ. ಬ್ರೇಕು ಮಾತ್ರ ಎಷ್ಟು ಬೂಸ್ಟ್ ಏರಿಸಿದರೂ ಬಲವಾಗುವುದಿಲ್ಲ. ಆದ್ದರಿಂದ ಎಳೆತ ಹೆಚ್ಚಿತೆಂದು ಹೊರೆ ಹೆಚ್ಚಿಸುವುದು ಸರ್ವಥಾ ಸಲ್ಲದು. ಹತ್ತಿದ ಘಾಟಿಯನ್ನು ಇಳಿಯಲೂ ಬೇಕಲ್ಲವೇ?

ದಿನನಿತ್ಯದ ಎಚ್ಚರಿಕೆ

ಬೆಳಿಗ್ಗೆ ಇಂಜಿನ್ ಚಾಲೂ ಮಾಡಿದೊಡನೆ ಜೋರಾಗಿ ಓಡಿಸದೆ ಎಣ್ಣೆ ಟರ್ಬೊಗೆ ಮುಟ್ಟಲು ಅರ್ಧ ನಿಮಿಷ ಬಿಡಬೇಕು. ಏರು ಹತ್ತಿ ನಿಂತಾಗ ಒಂದೆರಡು ನಿಮಿಷ ಇಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟು ಆಮೇಲೆ ಆರಿಸಬೇಕು. ಕಾದ ಟರ್ಬೊದಲ್ಲಿ ಎಣ್ಣೆ ನಿಂತರೆ ಸುಟ್ಟು ಕರಿಯಾಗಿ ಬೇರಿಂಗನ್ನು ತಿನ್ನುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದ ಕಾಲಕ್ಕೆ ಬದಲಿಸುವುದು ಟರ್ಬೊ ಆಯುಷ್ಯದ ಮೊದಲ ಸೂತ್ರ.

ನನ್ನ ತಮ್ಮನ ಗಾಡಿಗೆ ಹೊಸ ಪಿಸ್ಟನ್, ಹೊಸ ಕೊಳವೆ ಬಂದವು. ಪಂಪನ್ನೂ ಸರಳನ್ನೂ ಮೊದಲಿನ ಅಳತೆಗೆ ತಂದು, ಒಂದು ಬೂಸ್ಟ್ ಗೇಜು ಕೂಡಿಸಿದೆವು. ಮೂಲ ಒತ್ತಡದಲ್ಲಿಯೇ ಅದು ಹಿಂಡಿಯ ಚೀಲ ಹೊತ್ತು ಶಿರಾಡಿ ಹತ್ತುತ್ತಿದೆ. ಹೊಲದಲ್ಲಿ ಕೊರತೆ ಯಾವುದೆಂದು ತಿಳಿಯದೆ ಗೊಬ್ಬರ ಹಾಕದ ರೈತರು, ಗಾಡಿಯ ವಿಷಯದಲ್ಲಿಯೂ ಮೊದಲು ಅಳೆದು, ಸೋರಿಕೆ ನಿಲ್ಲಿಸಿ, ಆಮೇಲೆ ಬೇಕಾದರೆ ಏರಿಸುವ ಮಾತಾಡಲಿ. ವಿಸ್ತರಣಾ ಕಾರ್ಯಕರ್ತರು ತಮ್ಮ ಗ್ರಾಮ ಸಭೆಗಳಲ್ಲಿ ಸೋಪಿನ ನೀರಿನ ಪರೀಕ್ಷೆಯನ್ನು ಒಮ್ಮೆ ಮಾಡಿ ತೋರಿಸಿದರೆ ಎಷ್ಟೋ ಮನೆಗಳ ಹಣ ಉಳಿದೀತು.