ದಾಸರ ಪದಗಳ ಧಾತುಕರ್ತೃತ್ವ: ರಸಿಕರ ಮೆಚ್ಚುಗೆಯ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಸಂಗೀತ ರಸಿಕರು ಒಂದೆಡೆ ಸೇರಿದಾಗ ತಮಗೆ ಪ್ರಿಯವಾದ ಕೃತಿಗಳನ್ನೂ ವಾಗ್ಗೇಯಕಾರರನ್ನೂ ಪರಸ್ಪರ ಹೇಳಿಕೊಳ್ಳುವುದು ವಾಡಿಕೆ. ಈ ಮಾತುಕತೆಗೆ ತನ್ನದೇ ಆದ ಒಂದು ಕ್ರಮವಿದೆ. ಕೃತಿಯ ಹೆಸರು, ರಾಗ, ರಚಿಸಿದವರು, ಹಾಡಿದವರು ಎಂಬ ನಾಲ್ಕು ಅಂಶಗಳು ಅದರಲ್ಲಿ ಬಂದೇ ಬರುತ್ತವೆ. ತ್ಯಾಗರಾಜರ (1767-1847) ಕೃತಿಯೊಂದನ್ನು ಕುರಿತು ಮಾತನಾಡುವಾಗ ಈ ನಾಲ್ಕೂ ಅಂಶಗಳು ತೊಡಕಿಲ್ಲದೆ ಹೊಂದಿಕೊಳ್ಳುತ್ತವೆ. ಸಾಹಿತ್ಯವೂ ರಾಗವೂ ಅವರದೇ. ಹಾಡುವವರು ಮಾತ್ರ ಬೇರೆ. ಆದರೆ ಮೆಚ್ಚಿನ ಕೃತಿಯು ದಾಸರ ಪದವಾಗಿದ್ದಲ್ಲಿ ಈ ಹೊಂದಾಣಿಕೆ ಸಡಿಲಗೊಳ್ಳುತ್ತದೆ. ‘ಪುರಂದರದಾಸರ ಕೃತಿ’ ಎಂದು ರಸಿಕನು ಮೆಚ್ಚಿಕೊಂಡದ್ದರಲ್ಲಿ ಪುರಂದರದಾಸರದು ಎಷ್ಟು, ಅನಂತರದವರದು ಎಷ್ಟು ಎಂಬ ಪ್ರಶ್ನೆ ಎದುರಾಗುತ್ತದೆ. ದಾಸಸಾಹಿತ್ಯವನ್ನು ಬಹುಮಟ್ಟಿಗೆ ಓದುವ ಪಠ್ಯವಾಗಿಯೇ ಪರಿಭಾವಿಸಿರುವ ಕನ್ನಡ ಸಂಶೋಧನೆಯು ಈ ಪ್ರಶ್ನೆಯನ್ನು ಸಂಗೀತ ವಿದ್ವಾಂಸರಿಗೆ ಬಿಟ್ಟುಕೊಟ್ಟಂತಿದೆ. ಇದು ಸಾಹಿತ್ಯ ಸಂಶೋಧನೆಯ ಪ್ರಶ್ನೆಯೂ ಹೌದೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮಾತು ಮತ್ತು ಧಾತು

ವಾಗ್ಗೇಯಕಾರ ಎಂಬ ಪರಿಕಲ್ಪನೆಯನ್ನು ಖಚಿತವಾಗಿ ನಿರೂಪಿಸಿದ ಗ್ರಂಥ 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’. ವಾಕ್ಕನ್ನು ಮಾತು ಎಂದೂ ಗೇಯವನ್ನು ಧಾತು ಎಂದೂ ಕರೆಯುವ ಶಾರ್ಙ್ಗದೇವನು ಇವೆರಡನ್ನೂ ರಚಿಸಬಲ್ಲವನನ್ನು ವಾಗ್ಗೇಯಕಾರನೆನ್ನುತ್ತಾನೆ. ಎರಡರ ಪೈಕಿ ಒಂದರಲ್ಲಿ ಮಾತ್ರ ಪ್ರೌಢಿಮೆಯುಳ್ಳವರಿಗೆ ಅವನು ಕೆಳಗಿನ ಸ್ಥಾನಗಳನ್ನು ಕಲ್ಪಿಸಿದ್ದಾನೆ. ಮತ್ತೊಬ್ಬರ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ‘ಕುಟ್ಟಿಕಾರ’ ಎಂಬ ಹೆಸರನ್ನೂ ಕೊಟ್ಟಿದ್ದಾನೆ.

ಕುಟ್ಟಿಕಾರ ಎಂಬ ಈ ಪಾರಿಭಾಷಿಕ ಪದ ಇಲ್ಲಿ ಗಮನಾರ್ಹ. ದಾಸರ ಪದಗಳ ಇಂದಿನ ಸನ್ನಿವೇಶ ಅದರ ತಿರುವುಮುರುವು. ಇಲ್ಲಿ ಮಾತು ಹಳೆಯದು, ಧಾತು ಹೊಸದು. ಮತ್ತೊಬ್ಬರ ಮಾತಿಗೆ ಧಾತುವನ್ನು ಹೊಂದಿಸಿದವನನ್ನು ಇಂದು ಆಡುಮಾತಿನಲ್ಲಿ ‘ರಾಗ ಹಾಕಿದವರು’, ‘ಮಟ್ಟು ಕೂಡಿಸಿದವರು’ ಎನ್ನಲಾಗುತ್ತದೆ. ಕೃತಿಯ ಕರ್ತೃವಿನ ಪಕ್ಕದಲ್ಲಿ ಅವನ ಹೆಸರನ್ನು ನಮೂದಿಸುವ ಪದ್ಧತಿ ದಾಸಸಾಹಿತ್ಯದ ಪ್ರಕಟಣೆಗಳಲ್ಲಿ ಬೆಳೆದುಬಂದಿಲ್ಲ.

2. ಪುರಂದರದಾಸರ ಧಾತು: ಉಳಿದದ್ದು ಮತ್ತು ಅಳಿದದ್ದು

ಪುರಂದರದಾಸರು (1484-1564) ಪೂರ್ಣಾರ್ಥದ ವಾಗ್ಗೇಯಕಾರರೆಂಬುದರಲ್ಲಿ ಪರಂಪರೆಗೆ ಸಂದೇಹವಿಲ್ಲ. ಅವರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಗೌರವಿಸಲಾಗಿದೆ. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿವಿಜಯ’ದ ಆರಂಭದಲ್ಲಿ ಪುರಂದರದಾಸರನ್ನು ಸ್ಮರಿಸಿದ್ದಾರೆ. ಒಬ್ಬ ವಾಗ್ಗೇಯಕಾರನು ತನಗೆ ಪ್ರಿಯನಾದ ಮತ್ತೊಬ್ಬನನ್ನು ಹೆಸರಿಸಿ ಮೆಚ್ಚುಗೆಯನ್ನು ಹಂಚಿಕೊಂಡ ಮಹತ್ವದ ನಿದರ್ಶನವಿದು. ಮಾಯಾಮಾಳವಗೌಳದಲ್ಲಿ ಪ್ರಾಥಮಿಕ ಪಾಠಗಳನ್ನು ಅಳವಡಿಸಿದ ಕೀರ್ತಿಯೂ ಪರಂಪರೆಯ ನಂಬಿಕೆಯಂತೆ ಪುರಂದರದಾಸರಿಗೇ ಸಲ್ಲುತ್ತದೆ.

ಅವರ ಧಾತುವಿನಲ್ಲಿ ಉಳಿದುಬಂದದ್ದೆಂದು ಒಂದಿಷ್ಟು ಭರವಸೆಯಿಂದ ಹೇಳಬಹುದಾದದ್ದು ಮುಖ್ಯವಾಗಿ ಎರಡು ಪ್ರಕಾರಗಳಲ್ಲಿದೆ. ಮೊದಲನೆಯದು, ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಇಂದಿಗೂ ಪ್ರತಿಯೊಬ್ಬ ವಿದ್ಯಾರ್ಥಿಯೂ ಇವುಗಳ ಮೂಲಕವೇ ಸಾಹಿತ್ಯಸಹಿತ ಸಂಗೀತವನ್ನು ಪ್ರವೇಶಿಸುತ್ತಾನೆ. ಎರಡನೆಯದು, ಸುಳಾದಿಗಳು. ತಂಜಾವೂರಿನ ದೊರೆ ತುಳಜನು 18ನೆಯ ಶತಮಾನದಲ್ಲಿ ರಚಿಸಿದ ‘ಸಂಗೀತಸಾರಾಮೃತ’ವು ರಾಗಪ್ರಯೋಗಗಳಿಗೆ ಗೀತ, ಠಾಯ, ಸುಳಾದಿಗಳಿಂದ ಉದಾಹರಣೆಗಳನ್ನು ಕೊಡುತ್ತದೆ. ಶಾಸ್ತ್ರಕಾರರಿಗೆ ಸುಳಾದಿಗಳು ಲಕ್ಷ್ಯವಾಗಿ ಒದಗಿದ್ದರಿಂದಲೇ ಅವುಗಳ ಸ್ವರರೂಪ ಬರೆಹಕ್ಕೆ ಇಳಿಯಿತು.

ಪದಗಳಿಗೆ, ಎಂದರೆ ಪಲ್ಲವಿ, ಅನುಪಲ್ಲವಿ, ಚರಣಗಳುಳ್ಳ ದೇವರನಾಮಗಳಿಗೆ, ಈ ಭಾಗ್ಯ ದೊರೆಯಲಿಲ್ಲ. ಅವು ಶಾಸ್ತ್ರಗ್ರಂಥಗಳ ಆಶ್ರಯಕ್ಕಿಂತ ಮಿಗಿಲಾಗಿ ಭಜನೆ, ಗುಡಿ, ಮಠ, ಮನೆಗಳ ಆಶ್ರಯದಲ್ಲಿ ಉಳಿದವು. ಹಾಡುವವರ ಕಂಠವೇ ಅವುಗಳ ಕೋಶ. ರಾಯಚೂರು ಸೀಮೆಯ ಭಜನೆಯ ಮಟ್ಟು ಮೈಸೂರು ಸೀಮೆಯ ಮಟ್ಟಿಗಿಂತ ಭಿನ್ನವಾಗಿರುವುದೂ ಒಂದೇ ಊರಿನ ಎರಡು ಮನೆಗಳಲ್ಲಿ ಒಂದೇ ಪದಕ್ಕೆ ಬೇರೆ ಬೇರೆ ಮಟ್ಟುಗಳಿರುವುದೂ ಈ ಮೌಖಿಕ ಪರಂಪರೆಯ ಸಹಜ ಫಲ. ಪದಗಳ ಜನಪ್ರಿಯತೆಯೇ ಅವುಗಳ ಮೂಲಧಾತುವಿನ ಅಳಿವಿಗೆ ಕಾರಣವಾಯಿತೆಂದರೆ ವಿರೋಧಾಭಾಸವೆನಿಸಬಹುದು. ಆದರೆ ವಾಸ್ತವ ಅದೇ.

3. ಶಿರೋಲೇಖದ ರಾಗನಾಮ

ಮುದ್ರಿತ ಸಂಕಲನಗಳಲ್ಲಿ ಪ್ರತಿ ಪದದ ತಲೆಯ ಮೇಲೆ ರಾಗತಾಳಗಳ ಉಲ್ಲೇಖವಿದೆಯಲ್ಲ ಎಂಬ ಆಕ್ಷೇಪ ಇಲ್ಲಿ ಬರಬಹುದು. ಹರ್ಮನ್ ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತಂದಂದಿನಿಂದ ಮೊದಲ್ಗೊಂಡು ಉಡುಪಿಯ ಪಾವಂಜೆ ಗುರುರಾಯರ ಪ್ರಕಟಣೆಗಳು, ಬೆಟಗೇರಿ ಕೃಷ್ಣಶರ್ಮ ಮತ್ತು ಬೆಂಗೇರಿ ಹುಚ್ಚುರಾಯರ ಸಂಪಾದನೆ ಇವುಗಳವರೆಗೆ ದಾಸಸಾಹಿತ್ಯದ ಮುದ್ರಣಕ್ಕೆ ದೀರ್ಘ ಇತಿಹಾಸವಿದೆ. ಆದರೆ ಸಂಕಲನಗಳ ಶಿರೋಲೇಖದ ರಾಗನಾಮವನ್ನು ಕರ್ತೃವಿನ ಆಶಯದ ದಾಖಲೆಯೆಂದು ಸ್ವೀಕರಿಸಲು ಎರಡು ಅಡ್ಡಿಗಳಿವೆ.

ಮೊದಲನೆಯದಾಗಿ, ರಾಗದ ಹೆಸರು ಉಳಿದರೂ ರಾಗದ ರೂಪ ಉಳಿಯಬೇಕೆಂದಿಲ್ಲ. ಮುಖಾರಿ ಇದಕ್ಕೆ ಸ್ಪಷ್ಟ ನಿದರ್ಶನ. ಪುರಂದರದಾಸರ ಸಮಕಾಲೀನನೂ ವಿಜಯನಗರದವನೂ ಆದ ರಾಮಾಮಾತ್ಯನು 1550ರ ‘ಸ್ವರಮೇಳಕಲಾನಿಧಿ’ಯಲ್ಲಿ ಮುಖಾರಿಯನ್ನು ಎಲ್ಲ ಶುದ್ಧಸ್ವರಗಳನ್ನೊಳಗೊಂಡ ಮೊದಲ ಮೇಳವೆಂದು ಹೇಳಿದ್ದಾನೆ. ಇಂದಿನ ಮುಖಾರಿಯಾದರೋ 22ನೆಯ ಮೇಳವಾದ ಖರಹರಪ್ರಿಯದ ಜನ್ಯ. ಎರಡರ ನಡುವೆ ಹೆಸರಿನ ಸಾಮ್ಯವಿದೆಯೇ ಹೊರತು ಸ್ವರಗಳ ಸಾಮ್ಯವಿಲ್ಲ. ಹೀಗಿರುವಾಗ ‘ರಾಗ: ಮುಖಾರಿ’ ಎಂಬ ಉಲ್ಲೇಖ ದಾಸರ ಕಾಲದ್ದೇ ಎಂದು ಒಪ್ಪಿಕೊಂಡರೂ, ಅದನ್ನು ನೋಡಿ ಇಂದಿನ ಗಾಯಕನು ಹಾಡುವುದು ದಾಸರು ಹಾಡಿದ್ದನ್ನಲ್ಲ.

ಎರಡನೆಯದಾಗಿ, ಪ್ರಚಲಿತ ಗಾಯನವೇ ಅನೇಕ ಸಂದರ್ಭಗಳಲ್ಲಿ ಶಿರೋಲೇಖವನ್ನು ನಿರ್ಧರಿಸುತ್ತದೆ. ಸಿಂಧುಭೈರವಿ, ಯಮನ್ ಕಲ್ಯಾಣಿ ಮೊದಲಾದವು ಉತ್ತರಾದಿಯ ಪ್ರಭಾವದಿಂದ ದಕ್ಷಿಣದಲ್ಲಿ ನೆಲೆಗೊಂಡ ರಾಗಗಳು. ಕಾಪಿಯ ಇಂದಿನ ರೂಪದಲ್ಲಿಯೂ ಹಿಂದೂಸ್ತಾನಿ ಛಾಯೆ ದಟ್ಟವಾಗಿದೆ. ಈ ರಾಗಗಳ ಹೆಸರು ದಾಸರ ಪದದ ಮೇಲೆ ಕಂಡಾಗ ಅದು ಹಾಡುಗಾರಿಕೆಯ ಇತಿಹಾಸದ ದಾಖಲೆಯಾಗುತ್ತದೆಯೇ ವಿನಾ ರಚನೆಯ ಇತಿಹಾಸದ ದಾಖಲೆಯಾಗುವುದಿಲ್ಲ. ಎರಡನ್ನೂ ಬೇರ್ಪಡಿಸದೆ ಅಚ್ಚು ಹಾಕಿದಾಗ ಓದುಗನಿಗೆ ಅವು ಒಂದೇ ಎಂಬ ಭ್ರಮೆ ಹುಟ್ಟುತ್ತದೆ.

4. ಕಛೇರಿ ಮತ್ತು ಮುದ್ರಿಕೆ

ದಾಸರ ಪದಗಳು ಭಜನೆಯಿಂದ ಕಛೇರಿಯ ವೇದಿಕೆಗೆ ಏರಿದ ಬಗೆಯನ್ನು ಗಮನಿಸಿದರೆ ಹೊಸ ಧಾತುಕರ್ತೃಗಳ ಪಾತ್ರ ಸ್ಪಷ್ಟವಾಗುತ್ತದೆ. ಮೈಸೂರಿನ ಬಿಡಾರಂ ಕೃಷ್ಣಪ್ಪನವರು (1866-1931) ತೆಲುಗು ಕೃತಿಗಳೇ ಪ್ರಧಾನವಾಗಿದ್ದ ಕಛೇರಿಯಲ್ಲಿ ದೇವರನಾಮಗಳಿಗೆ ಗೌರವದ ಸ್ಥಾನವನ್ನು ದೊರಕಿಸಿದರು. ಬಿ. ಎಸ್. ರಾಜಯ್ಯಂಗಾರ್ಯರ ಗ್ರಾಮಫೋನ್ ಮುದ್ರಿಕೆಯಿಂದ ಕಾಪಿ ರಾಗದ ‘ಜಗದೋದ್ಧಾರನ’ ಮನೆಮಾತಾಯಿತು. ತಮಿಳುನಾಡಿನಲ್ಲಿ ಎಂ. ಎಲ್. ವಸಂತಕುಮಾರಿಯವರು (1928-1990) ತಾಯಿ ಲಲಿತಾಂಗಿಯವರಿಂದ ಬಂದ ಪುರಂದರದಾಸರ ಪದಗಳ ಸಂಪತ್ತನ್ನು ಕನ್ನಡವರಿಯದ ಶ್ರೋತೃಗಳಿಗೂ ಪ್ರಿಯವಾಗಿಸಿದರು. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ’ ನರ್ತಕಿ ಬಾಲಸರಸ್ವತಿಯವರ (1918-1984) ಅಭಿನಯದ ಮೂಲಕ ನೃತ್ಯರಸಿಕರ ಮೆಚ್ಚಿನ ಕೃತಿಯಾಯಿತು. ಸತ್ಯಜಿತ್ ರಾಯ್ ಅವರ 1976ರ ಸಾಕ್ಷ್ಯಚಿತ್ರ ‘ಬಾಲಾ’ದಲ್ಲಿ ಅವರು ಕಡಲ ದಂಡೆಯಲ್ಲಿ ಅಭಿನಯಿಸಿದ್ದೂ ಈ ಪದವನ್ನೇ.

ಹಿಂದೂಸ್ತಾನಿ ಪದ್ಧತಿಯಲ್ಲಿ ಈ ಕಾರ್ಯವನ್ನು ವ್ಯಾಪಕವಾಗಿ ನೆರವೇರಿಸಿದವರು ಭೀಮಸೇನ ಜೋಶಿಯವರು (1922-2011). ಅವರ ‘ದಾಸವಾಣಿ’ಯು ಉತ್ತರ ಕರ್ನಾಟಕದಲ್ಲಿ ಮಾತ್ರವಲ್ಲದೆ ಮಹಾರಾಷ್ಟ್ರದಲ್ಲಿಯೂ ದಾಸರ ಪದಗಳಿಗೆ ಹೊಸ ಶ್ರೋತೃವರ್ಗವನ್ನು ಸೃಷ್ಟಿಸಿತು. ‘ಭಾಗ್ಯದ ಲಕ್ಷ್ಮೀ’ ಎಂದೊಡನೆ ಕರ್ನಾಟಕ ಸಂಗೀತದ ರಸಿಕನ ಕಿವಿಯಲ್ಲಿ ಮೂಡುವುದು ಮಧ್ಯಮಾವತಿಯ ಮಂಗಳಕರ ನಡೆ. ಧಾರವಾಡದ ರಸಿಕನ ಕಿವಿಯಲ್ಲಿ ಮೂಡುವುದು ಜೋಶಿಯವರ ಏರುದನಿಯ, ಭಜನೆಯ ಲಯದ ಬೇರೊಂದು ಮಟ್ಟು. ಇಬ್ಬರೂ ‘ನನಗೆ ಮೆಚ್ಚಿನ ಪುರಂದರದಾಸರ ಕೃತಿ’ ಎಂದು ಒಂದೇ ಹೆಸರನ್ನು ಹೇಳಬಹುದು. ಮಾತಿನ ದೃಷ್ಟಿಯಿಂದ ಅವರು ಮೆಚ್ಚಿದ್ದು ಒಂದೇ ಕೃತಿ; ಧಾತುವಿನ ದೃಷ್ಟಿಯಿಂದ ಅವು ಎರಡು ಬೇರೆ ಕೃತಿಗಳು.

ವಚನಗಳ ವಿಷಯದಲ್ಲಿ ಈ ಅಂಶ ಇನ್ನೂ ನಿಚ್ಚಳ. ಪಲ್ಲವಿ ಚರಣಗಳ ಕಟ್ಟಿಲ್ಲದ ವಚನವನ್ನು ಮಲ್ಲಿಕಾರ್ಜುನ ಮನಸೂರ (1910-1992), ಬಸವರಾಜ ರಾಜಗುರು ಮೊದಲಾದವರು ರಾಗಕ್ಕೆ ಅಳವಡಿಸಿ ಹಾಡಿದಾಗ ಅಲ್ಲಿನ ಧಾತು ಗಾಯಕಪರಂಪರೆಯ ಸೃಷ್ಟಿಯೆಂಬುದನ್ನು ಎಲ್ಲರೂ ಬಲ್ಲರು. ದಾಸರ ಪದಗಳಲ್ಲಿ ಇದು ಮರೆಯಾಗುವುದಕ್ಕೆ ಕಾರಣ, ದಾಸರು ಸ್ವತಃ ಗಾಯಕರಾಗಿದ್ದರೆಂಬ ತಿಳಿವಳಿಕೆ.

5. ಧಾತು ಮಾತನ್ನು ತಿದ್ದುವ ಬಗೆ

ಧಾತುಕರ್ತೃವಿನ ಪ್ರಶ್ನೆ ಕೇವಲ ಮನ್ನಣೆಯ ಪ್ರಶ್ನೆಯಾಗಿದ್ದರೆ ಸಾಹಿತ್ಯ ಸಂಶೋಧಕರು ಅದನ್ನು ಬದಿಗಿರಿಸಬಹುದಿತ್ತು. ಆದರೆ ಹೊಸ ಧಾತುವು ಮಾತನ್ನು ಮುಟ್ಟದೆ ಬಿಡುವುದಿಲ್ಲ. ದೇವರನಾಮವು ಸಾಮಾನ್ಯವಾಗಿ ಕಛೇರಿಯ ಉತ್ತರಾರ್ಧದಲ್ಲಿ ಬರುವುದರಿಂದ ಕಾಲಮಿತಿಗೆ ತಕ್ಕಂತೆ ಗಾಯಕರು ಎರಡು ಮೂರು ಚರಣಗಳನ್ನು ಆಯ್ದುಕೊಳ್ಳುತ್ತಾರೆ. ಅಂಕಿತವಿರುವ ಕೊನೆಯ ಚರಣವನ್ನು ಬಿಡುವಂತಿಲ್ಲ. ಆದ್ದರಿಂದ ಲೋಪವಾಗುವುದು ನಡುವಿನ ಚರಣಗಳು.

ಮೇಲೆ ಹೇಳಿದ ‘ಭಾಗ್ಯದ ಲಕ್ಷ್ಮೀ’ ಪದವನ್ನೇ ನೋಡಬಹುದು. ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಬರುವ ಲಕ್ಷ್ಮಿಯ ಆಗಮನ, ಆಕೆ ಕರೆಯುವ ಹೊನ್ನಿನ ಮಳೆ, ಅತ್ತಿತ್ತ ಸರಿಯದೆ ಭಕ್ತರ ಮನೆಯಲ್ಲಿ ನೆಲೆಸೆಂಬ ಬೇಡಿಕೆ, ಶುಕ್ರವಾರದ ಪೂಜೆಯ ಸಂಭ್ರಮ ಇವು ಅದರ ಚರಣಗಳ ವಸ್ತು. ನೆಲೆಸೆಂಬ ಬೇಡಿಕೆಯ ಚರಣ ಸಂಪತ್ತಿನ ಚಂಚಲತೆಯ ಅರಿವನ್ನು ಒಳಗೊಂಡಿದೆ. ಧನಿಕ ವ್ಯಾಪಾರಿಯಾಗಿದ್ದು ಎಲ್ಲವನ್ನೂ ತೊರೆದವರೆಂದು ಪರಂಪರೆ ಹೇಳುವ ಪುರಂದರದಾಸರ ಬಾಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಕಾಲಮಿತಿಗಾಗಿ ಈ ಚರಣವನ್ನು ಬಿಟ್ಟಾಗ ಉಳಿಯುವುದು ಐಶ್ವರ್ಯದ ಆಹ್ವಾನ ಮಾತ್ರ. ಶ್ರೋತೃವಿನ ಮೆಚ್ಚಿನ ಕೃತಿ ಆಗ ದಾಸರ ಕೃತಿಗಿಂತ ಕಿರಿದಾದ ಅರ್ಥವುಳ್ಳದ್ದಾಗುತ್ತದೆ.

ಛಂದಸ್ಸಿನ ನೆಲೆಯಲ್ಲಿಯೂ ಇಂಥದೇ ಪರಿಣಾಮವಿದೆ. ಪದದ ಮಾತ್ರಾಗಣಗಳ ನಡೆಗೂ ಹೊಸದಾಗಿ ಅಳವಡಿಸಿದ ತಾಳದ ನಡೆಗೂ ಹೊಂದಿಕೆಯಾಗದಿದ್ದಾಗ ಹ್ರಸ್ವ ದೀರ್ಘವಾಗುತ್ತದೆ, ಸಂಧಿ ಬಿಡಿಸಿಕೊಳ್ಳುತ್ತದೆ, ಅಕ್ಷರವೊಂದು ಸೇರಿಕೊಳ್ಳುತ್ತದೆ. ಹೀಗೆ ಹುಟ್ಟಿದ ರೂಪವು ಜನಪ್ರಿಯ ಸಂಕಲನಗಳನ್ನು ಸೇರಿದಾಗ ಪಾಠಾಂತರವೆನಿಸಿಕೊಳ್ಳುತ್ತದೆ. ಲಿಪಿಕಾರನ ದೋಷದಿಂದ ಬಂದ ಪಾಠಾಂತರವನ್ನೂ ಗಾಯಕನ ಅಗತ್ಯದಿಂದ ಬಂದ ಪಾಠಾಂತರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಗ್ರಂಥಸಂಪಾದನಾ ವಿಧಾನ ಪದಸಾಹಿತ್ಯಕ್ಕೆ ಸಾಲದು.

6. ಎರಡು ಹೋಲಿಕೆಗಳು

ತಾಳ್ಳಪಾಕ ಅನ್ನಮಾಚಾರ್ಯರ ತೆಲುಗು ಸಂಕೀರ್ತನೆಗಳ ಸ್ಥಿತಿ ದಾಸರ ಪದಗಳ ಸ್ಥಿತಿಗೆ ಸಮೀಪವಾದುದು. ತಿರುಮಲೆಯ ತಾಮ್ರಪಟಗಳಲ್ಲಿ ಸಾಹಿತ್ಯವೂ ರಾಗನಾಮವೂ ಇವೆ, ಸ್ವರಲಿಪಿಯಿಲ್ಲ. ಅವುಗಳಲ್ಲಿ ಹಲವಕ್ಕೆ ರಾಗ ಸಂಯೋಜಿಸಿ ಸ್ವರಸಹಿತ ಪ್ರಕಟಿಸಿದವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ, ಕನ್ನಡದಲ್ಲಿ ‘ಗಾನಕಲೆ’ಯನ್ನು ಬರೆದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು (1893-1979). ಮುಂದೆ ನೇದುನೂರಿ ಕೃಷ್ಣಮೂರ್ತಿ ಮೊದಲಾದವರೂ ಈ ಕಾರ್ಯವನ್ನು ಮುಂದುವರಿಸಿದರು. ಅಲ್ಲಿ ಸಾಹಿತ್ಯ ಅನ್ನಮಾಚಾರ್ಯರದು, ಸಂಯೋಜನೆ ಇಂಥವರದು ಎಂದು ಬೇರ್ಪಡಿಸಿ ಹೇಳುವ ರೂಢಿಯಿದೆ. ಇದರಿಂದ ಅನ್ನಮಾಚಾರ್ಯರ ಘನತೆಗೆ ಯಾವ ಕುಂದೂ ಬಂದಿಲ್ಲ.

ಎರಡನೆಯ ಹೋಲಿಕೆ ಮೈಸೂರು ಆಸ್ಥಾನದ್ದು. ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877-1945) ಚಾಮುಂಡೇಶ್ವರಿಯನ್ನು ಕುರಿತು ರಚಿಸಿದ 108 ಕನ್ನಡ ಕೃತಿಗಳ ಸಾಹಿತ್ಯರಚನೆಯಲ್ಲಿ ದೇವೋತ್ತಮ ಜೋಯಿಸರ ನೆರವಿತ್ತು. ಕಛೇರಿಯಲ್ಲಿ ಈ ಕೃತಿಗಳು ಮುತ್ತಯ್ಯ ಭಾಗವತರವೆಂದೇ ಪ್ರಸಿದ್ಧ. ದಾಸರ ಪದದಲ್ಲಿ ಧಾತುಕಾರ ಮರೆಯಾದರೆ ಇಲ್ಲಿ ಮಾತಿಗೆ ನೆರವಾದವರು ಮರೆಯಾಗಿದ್ದಾರೆ. ಕೃತಿಗೆ ಒಬ್ಬನೇ ಕರ್ತೃವಿರಬೇಕೆಂಬ ನಿರೀಕ್ಷೆಯೇ ಎರಡೂ ಕಡೆ ಕೆಲಸಮಾಡಿದೆ.

ಸಮಾರೋಪ

ಇದುವರೆಗಿನ ಪರಿಶೀಲನೆಯಿಂದ ದಾಸರ ಪದವು ಇಂದು ಕೇಳಿಬರುವ ರೂಪದಲ್ಲಿ ಸಂಯುಕ್ತ ಕರ್ತೃತ್ವದ ಕೃತಿಯೆಂಬುದು ವ್ಯಕ್ತವಾಗುತ್ತದೆ. ಇದು ದಾಸರ ಹಿರಿಮೆಯನ್ನು ಕುಗ್ಗಿಸುವ ಮಾತಲ್ಲ. ನಾಲ್ಕುನೂರು ವರ್ಷಗಳಿಗೂ ಮಿಕ್ಕಿ ಹೊಸ ಹೊಸ ಧಾತುಗಳನ್ನು ಆಹ್ವಾನಿಸಿಕೊಂಡು ಬಂದಿರುವುದು ಅವರ ಮಾತಿನ ಕಸುವಿಗೆ ಸಾಕ್ಷಿ.

ಸಂಶೋಧನೆಯ ದೃಷ್ಟಿಯಿಂದ ಮೂರು ಕೆಲಸಗಳು ಅಗತ್ಯವೆನಿಸುತ್ತವೆ. ಒಂದು, ದಾಸಸಾಹಿತ್ಯದ ಸಂಪುಟಗಳಲ್ಲಿ ರಾಗತಾಳಗಳ ಉಲ್ಲೇಖಕ್ಕೆ ಆಧಾರವನ್ನು, ಅದು ಹಸ್ತಪ್ರತಿಯೋ ಪೂರ್ವಮುದ್ರಣವೋ ಪ್ರಚಲಿತ ಗಾಯನವೋ ಎಂಬುದನ್ನು, ಪ್ರತಿ ಪದಕ್ಕೂ ಸೂಚಿಸುವುದು. ಎರಡು, ಗಾಯನಮೂಲದ ಪಾಠಾಂತರಗಳನ್ನು ಪ್ರತ್ಯೇಕವಾಗಿ ಗುರುತಿಸುವುದು. ಮೂರು, ಭಜನಾ ಮಂಡಳಿಗಳಲ್ಲಿಯೂ ಹಿರಿಯ ಹೆಣ್ಣುಮಕ್ಕಳ ನೆನಪಿನಲ್ಲಿಯೂ ಉಳಿದಿರುವ ಮಟ್ಟುಗಳನ್ನು ಧ್ವನಿಮುದ್ರಿಸಿ, ಹಾಡಿದವರ ಊರು ಮತ್ತು ಕಲಿತ ಮೂಲದೊಂದಿಗೆ ದಾಖಲಿಸುವುದು. ಮೊದಲೆರಡು ಕೆಲಸಗಳಿಗೆ ಬೇಕಾದ ಆಕರಗಳು ಗ್ರಂಥಾಲಯಗಳಲ್ಲಿ ಕಾದಿರುತ್ತವೆ. ಮೂರನೆಯದಕ್ಕೆ ಆ ಸೌಲಭ್ಯವಿಲ್ಲ. ಒಬ್ಬ ಹಾಡುಗಾರ್ತಿಯೊಂದಿಗೆ ಮರೆಯಾದ ಮಟ್ಟನ್ನು ಯಾವ ಹಸ್ತಪ್ರತಿಯಿಂದಲೂ ಮರಳಿ ಪಡೆಯಲಾಗದು. ಆದ್ದರಿಂದ ಈ ಮೂರರಲ್ಲಿ ಕೊನೆಯದೇ ಮೊದಲು ಆಗಬೇಕಾದ ಕಾರ್ಯ.