ಮರುಭೂಮಿಯಲ್ಲಿ ಸಿಕ್ಕಿದ ಉಲ್ಕಾಶಿಲೆಯ ವರ್ಗೀಕರಣ

ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಕಲ್ಲುಗಳ ಪೆಟ್ಟಿಗೆಯನ್ನು ತೆರೆದು ಪಾಠ ಹೇಳುವಾಗೆಲ್ಲ ಯಾವಳಾದರೂ ಒಬ್ಬ ಹುಡುಗಿಯು, "ಆಕಾಶದಿಂದ ಬಿದ್ದ ಕಲ್ಲು ಇಂಥಾದ್ದೆಂದು ಹೇಗೆ ಗೊತ್ತುಮಾಡುತ್ತಾರೆ, ಟೀಚರ್?" ಎಂದು ಕೇಳದೆ ಬಿಡುವದಿಲ್ಲ. ತರಗತಿಯಲ್ಲಿ ನಾವು ಕೊಡುವ ಉತ್ತರವನ್ನೇ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ಉಲ್ಕಾಶಿಲೆಗಳು ಭೂಮಿಯ ಎಲ್ಲಾ ಕಡೆಗಳಲ್ಲಿಯೂ ಬೀಳುತ್ತವೆ. ಆದರೆ ಮರುಭೂಮಿಯಲ್ಲಿ ಮಳೆ ಕಡಿಮೆಯಾದ್ದರಿಂದ ಅವು ಬಹುಕಾಲ ಕೆಡದೆ ಉಳಿಯುವವು. ತಿಳಿಬಣ್ಣದ ನೆಲದ ಮೇಲೆ ಕರೀಕಲ್ಲು ಬೇಗನೆ ಕಣ್ಣಿಗೆ ಬೀಳುವದು. ಆ ಕಪ್ಪು ತೊಗಟೆಯು ವಾಯುಮಂಡಲವನ್ನು ಭೇದಿಸಿ ಬರುವಾಗ ಮೇಲ್ಮೈ ಕರಗಿ ಉಂಟಾದದ್ದು. ಮರುಭೂಮಿಯ ಸಾಧಾರಣ ಕಲ್ಲುಗಳಿಗೂ ಕಪ್ಪು ಹೊಳಪು ಬರುವದುಂಟಾದ್ದರಿಂದ ಬಣ್ಣವೊಂದನ್ನೇ ನಂಬಲಾಗದು. ನಿಜವನ್ನು ತಿಳಿಯಬೇಕಾದರೆ ಕಲ್ಲನ್ನು ಕೊಯ್ಯಬೇಕು.

ಕೊಯ್ದ ಮುಖದಲ್ಲಿ ಗಸಗಸೆಯಂಥ ಉರುಟು ಕಾಳುಗಳು ಕಂಡರೆ ಅದು ಕಾಂಡ್ರೈಟ್. ಈ ಕಾಳುಗಳು ಸುಮಾರು 456 ಕೋಟಿ ವರ್ಷಗಳ ಹಿಂದೆ, ಭೂಮಿಯು ರೂಪುಗೊಳ್ಳುವದಕ್ಕೂ ಮುಂಚೆ, ಕರಗಿದ ಹನಿಗಳು ಗಟ್ಟಿಯಾಗಿ ಆದವುಗಳು. ಸಾಮಾನ್ಯ ಕಾಂಡ್ರೈಟುಗಳಲ್ಲಿ ಕಬ್ಬಿಣ ಹೆಚ್ಚಾಗಿದ್ದರೆ ಎಚ್, ಕಡಿಮೆಯಾದರೆ ಎಲ್, ಇನ್ನೂ ಕಡಿಮೆಯಾದರೆ ಎಲ್‌ಎಲ್ ಎಂಬ ಅಕ್ಷರಗಳನ್ನು ಕೊಡುತ್ತಾರೆ. ಇದನ್ನು ಕಣ್ಣಳತೆಯಿಂದ ನಿರ್ಣಯಿಸುವದಿಲ್ಲ. ಆಲಿವೀನ್ ಎಂಬ ಖನಿಜದಲ್ಲಿರುವ ಕಬ್ಬಿಣದ ಪಾಲನ್ನು ಎಲೆಕ್ಟ್ರಾನ್ ಕಿರಣದ ಯಂತ್ರದಿಂದ ಅಳೆಯುತ್ತಾರೆ. ಅಕ್ಷರದ ಮುಂದೆ 3ರಿಂದ 6ರ ವರೆಗೆ ಒಂದು ಅಂಕಿಯು ಬರುವದು. ಕಲ್ಲು ತನ್ನ ಮೂಲಸ್ಥಾನದಲ್ಲಿ ಕಾದಷ್ಟೂ ಕಾಳುಗಳ ಅಂಚು ಮಸುಕಾಗುವದು. 3ರಲ್ಲಿ ಅವು ಸ್ಪಷ್ಟ, 6ರಲ್ಲಿ ಹುಡುಕಿ ನೋಡಬೇಕು. ಕಾಳುಗಳೇ ಇಲ್ಲದ್ದು ಅಕಾಂಡ್ರೈಟ್.

ಹಿಂದೆ ನಾವು ಅಯಸ್ಕಾಂತವನ್ನು ಹಿಡಿದು ಪರೀಕ್ಷಿಸಿರೆಂದು ಕಲಿಸುತ್ತಿದ್ದೆವು. ಈಗ ಹಾಗೆ ಕಲಿಸುವದಿಲ್ಲ. ಯಾಕಂದರೆ ಬಲವಾದ ಅಯಸ್ಕಾಂತವು ತಾಕಿದರೆ ಕಲ್ಲಿನೊಳಗೆ ಅಚ್ಚಾಗಿದ್ದ ಪುರಾತನ ಕಾಂತಗುಣದ ಗುರುತು ಅಳಿದುಹೋಗುವದು.

ಇಷ್ಟೆಲ್ಲಾ ನಿಯಮಗಳಿದ್ದರೂ ವರ್ಗೀಕರಣವು ಎಷ್ಟು ತೊಡಕಾಗಬಹುದೆಂಬದಕ್ಕೆ ಸುಡಾನ್ ದೇಶದ ಒಂದು ಸಂಗತಿಯುಂಟು. 2008ನೇ ಅಕ್ಟೋಬರ್ 6ರಂದು ಅಮೇರಿಕದ ಅರಿಜೋನಾದಲ್ಲಿರುವ ದೂರದರ್ಶಕಕ್ಕೆ ಒಂದು ಸಣ್ಣ ಕ್ಷುದ್ರಗ್ರಹವು ಕಂಡಿತು. ಸುಮಾರು 20 ಗಂಟೆಗಳ ತರುವಾಯ ಅದು ನುಬಿಯ ಮರುಭೂಮಿಯ ಮೇಲೆ 37 ಕಿಲೋಮೀಟರ್ ಎತ್ತರದಲ್ಲಿ ಸಿಡಿದುಹೋಯಿತು. ಬೀಳುವದಕ್ಕೆ ಮುಂಚೆಯೇ ಆಕಾಶದಲ್ಲಿ ಗುರುತಿಸಲ್ಪಟ್ಟದ್ದರಲ್ಲಿ ಅದೇ ಮೊದಲನೆಯದು. ಡಿಸೆಂಬರಿನಲ್ಲಿ ಖಾರ್ಟೂಮ್ ವಿಶ್ವವಿದ್ಯಾನಿಲಯದ ಮುವಾವಿಯಾ ಶದ್ದಾದರೂ ಪೀಟರ್ ಜೆನಿಸ್ಕೆನ್ಸ್ ಎಂಬ ಖಗೋಳಜ್ಞರೂ ವಿದ್ಯಾರ್ಥಿಗಳನ್ನು ಕರಕೊಂಡು ಹೋಗಿ, ಸಾಲಾಗಿ ನಡೆಯುತ್ತಾ ಮರಳನ್ನೆಲ್ಲಾ ಹುಡುಕಿದರು. ಮೊದಲನೆಯ ದಿನವೇ ಒಬ್ಬ ವಿದ್ಯಾರ್ಥಿಗೆ ಒಂದು ತುಣುಕು ಸಿಕ್ಕಿತು! ಕಾಲಕ್ರಮದಲ್ಲಿ ಸುಮಾರು 600 ತುಣುಕುಗಳಾದವು. ಸಮೀಪದ ರೈಲುನಿಲ್ದಾಣದ ಹೆಸರಿನಿಂದ ಇವುಗಳಿಗೆ ಅಲ್‌ಮಹಾತಾ ಸಿತ್ತಾ, ಅಂದರೆ ಅರಬಿಯಲ್ಲಿ ಆರನೆಯ ನಿಲ್ದಾಣ, ಎಂದು ಹೆಸರಾಯಿತು.

ಹೆಚ್ಚಿನವು ಯುರೈಲೈಟ್ ಎಂಬ ವಿರಳವಾದ ಅಕಾಂಡ್ರೈಟುಗಳು. ಅವುಗಳಲ್ಲಿ ಇಂಗಾಲವೂ ಅತಿ ಸೂಕ್ಷ್ಮವಾದ ವಜ್ರಗಳೂ ಇವೆ. ಆದರೆ ಕೆಲವು ತುಣುಕುಗಳನ್ನು ಕೊಯ್ದಾಗ ಕಾಂಡ್ರೈಟುಗಳು ಹೊರಟವು. ಎರಡು ಜಾತಿಯ ಕಲ್ಲುಗಳು ಒಂದೇ ಕಡೆ ಸಿಕ್ಕಿದರೆ ಅವು ಬೇರೆ ಬೇರೆ ಕಾಲಗಳಲ್ಲಿ ಬಿದ್ದವೆಂದು ಎಣಿಸುವದೇ ವಾಡಿಕೆ. ಹಾಗೆಣಿಸಿ ಇವನ್ನು ಹೊರಗಿಟ್ಟಿದ್ದರೆ ತಪ್ಪಾಗುತ್ತಿತ್ತು. ಹೇಗಂದರೆ, ಕಲ್ಲು ಬಾಹ್ಯಾಕಾಶದಲ್ಲಿರುವಾಗ ವಿಶ್ವಕಿರಣಗಳು ತಾಕಿ ಅದರಲ್ಲಿ ಕೆಲವು ವಿಕಿರಣಶೀಲ ದ್ರವ್ಯಗಳು ಉಂಟಾಗುವವು; ನೆಲಕ್ಕೆ ಬಿದ್ದ ಮೇಲೆ ಅವು ಕೆಲವು ತಿಂಗಳುಗಳಲ್ಲಿ ಅಥವಾ ವರ್ಷಗಳಲ್ಲಿ ಕ್ಷಯಿಸುವವು. ಪರೀಕ್ಷಿಸಿದ ಬೇರೆ ಜಾತಿಯ ತುಣುಕುಗಳಲ್ಲಿ ಇವು ಇನ್ನೂ ಉಳಿದಿದ್ದವು. ಅವೂ ಹೊಸದಾಗಿ ಬಿದ್ದವುಗಳೇ ಎಂದು 2010ರಲ್ಲಿ ಪ್ರಕಟವಾಯಿತು. ಆ ಪುಟ್ಟ ಗ್ರಹವು ನಾನಾ ಗ್ರಹಗಳ ಒಡಕುಗಳು ಕೂಡಿಕೊಂಡ ರಾಶಿಯಾಗಿತ್ತು. ಆದಕಾರಣ ತುಣುಕುಗಳೆಲ್ಲ ಒಂದೇ ಹೆಸರಿನ ಕೆಳಗಿದ್ದರೂ, ಒಂದೊಂದಕ್ಕೂ ಬೇರೆ ಅಂಕಿಯನ್ನು ಕೊಟ್ಟು ಬೇರೆಯಾಗಿಯೇ ಕೊಯ್ದು ನೋಡುತ್ತಾರೆ.