ಮಾಗುವ ಹಣ್ಣಿನ ಕಾವಲು ಪ್ರೋಟೀನುಗಳು

ಬಾಳೆಗೊನೆಯನ್ನು ಕಡಿದು ತಂದು ಮನೆಯ ಮೂಲೆಯಲ್ಲಿ ತೂಗುಹಾಕಿದರೆ ಕೆಲವೇ ದಿನಗಳಲ್ಲಿ ಅದು ಹಸಿರಿನಿಂದ ಹಳದಿಗೆ ತಿರುಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಾಯಿಯ ಒಗರು ತಗ್ಗುತ್ತದೆ, ಸಿಪ್ಪೆ ಸಡಿಲಗೊಳ್ಳುತ್ತದೆ, ತಿರುಳು ಮೆತ್ತಗಾಗುತ್ತದೆ. ಕಾಯಿಯ ತಿರುಳಿನಲ್ಲಿ ಸುಮಾರು ಶೇ. 20ರಷ್ಟಿದ್ದ ಪಿಷ್ಟವು ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಶೇ. 1-2ಕ್ಕೆ ಇಳಿದು, ಉಳಿದುದೆಲ್ಲವೂ ಬಹುಮಟ್ಟಿಗೆ ಸಕ್ಕರೆಯಾಗಿರುತ್ತದೆ. ಈ ಪರಿವರ್ತನೆಗೆ ಚಾಲನೆ ನೀಡುವುದು ಹಣ್ಣು ತಾನೇ ಹೊರಸೂಸುವ ಎಥಿಲೀನ್ ಎಂಬ ಅನಿಲ.

ಆದರೆ ಸಿಹಿಯೂ ಮೃದುವೂ ಆದ ತಿರುಳು ಮನುಷ್ಯನಿಗಷ್ಟೇ ಪ್ರಿಯವಲ್ಲ, ಶಿಲೀಂಧ್ರಗಳಿಗೂ ಪ್ರಿಯ. ಬಾಳೆಯ ಚಿಬ್ಬು ರೋಗದ ಶಿಲೀಂಧ್ರವು ಇದಕ್ಕೆ ಒಳ್ಳೆಯ ನಿದರ್ಶನ. ಅದರ ಬೀಜಾಣುಗಳು ತೋಟದಲ್ಲಿಯೇ ಎಳೆಗಾಯಿಯ ಸಿಪ್ಪೆಯ ಮೇಲೆ ಬಂದು ಕೂರುತ್ತವೆ. ಆದರೆ ಕಾಯಿ ಹಸಿರಾಗಿರುವವರೆಗೆ ಮುಂದುವರಿಯಲಾರದೆ ವಾರಗಟ್ಟಲೆ ಅಡಗಿಕೊಂಡಿರುತ್ತವೆ. ಕಾಯಿಯ ಒಗರಿಗೆ ಕಾರಣವಾದ ವಸ್ತುಗಳೇ ಅವುಗಳಿಗೆ ಒಂದು ತಡೆ. ಹಣ್ಣು ಮಾಗಿ ಆ ತಡೆ ಸಡಿಲವಾದಾಗ ಸಿಪ್ಪೆಯ ಮೇಲೆ ಕಪ್ಪು ಮಚ್ಚೆಗಳು ಮೂಡಿ ಹರಡುತ್ತವೆ. ಸಂತೆಯಿಂದ ತಂದಾಗ ಚೆನ್ನಾಗಿದ್ದ ಹಣ್ಣು ಎರಡೇ ದಿನದಲ್ಲಿ ಕೆಟ್ಟಿತೆಂದು ವ್ಯಾಪಾರಿಯನ್ನು ದೂರುವವರು ಈ ಸಂಗತಿಯನ್ನು ಗಮನಿಸಬೇಕು.

ಹೀಗೆ ಒಂದು ಕಾವಲು ಸಡಿಲವಾಗುವ ವೇಳೆಗೆ ಹಣ್ಣು ಮತ್ತೊಂದು ಕಾವಲನ್ನು ಏರ್ಪಡಿಸಿಕೊಳ್ಳುತ್ತದೆ. ಅದೇ ರಕ್ಷಕ ಪ್ರೋಟೀನುಗಳ ಸಮೂಹ. ಶಿಲೀಂಧ್ರದ ಕೋಶಭಿತ್ತಿಯು ಮುಖ್ಯವಾಗಿ ಕೈಟಿನ್ ಮತ್ತು ಗ್ಲೂಕಾನ್ ಎಂಬ ಎಳೆಗಳಿಂದ ಹೆಣೆದದ್ದು. ಹಣ್ಣಿನಲ್ಲಿರುವ ಕೈಟಿನೇಸ್ ಎಂಬ ಕಿಣ್ವವು ಮೊದಲನೆಯದನ್ನೂ ಗ್ಲೂಕನೇಸ್ ಎಂಬುದು ಎರಡನೆಯದನ್ನೂ ಕತ್ತರಿಸುತ್ತವೆ. ಎರಡೂ ಕೂಡಿದಾಗ ಅವುಗಳ ಪರಿಣಾಮ ಒಂದೊಂದರದಕ್ಕಿಂತ ಹೆಚ್ಚು. ಮೂರನೆಯದು ಥೌಮಾಟಿನ್‌ಗೆ ಹೋಲುವ ಪ್ರೋಟೀನು. ಥೌಮಾಟಿನ್ ಎಂಬುದು ಪಶ್ಚಿಮ ಆಫ್ರಿಕಾದ ಒಂದು ಹಣ್ಣಿನಲ್ಲಿ ದೊರೆಯುವ, ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿಯಾದ ಪ್ರೋಟೀನು. ಬಾಳೆ, ದ್ರಾಕ್ಷಿ, ಚೆರ್ರಿಗಳಲ್ಲಿರುವ ಅದರ ಬಂಧುಗಳಿಗೆ ಆ ಸಿಹಿಯಿಲ್ಲ, ರಚನೆಯಲ್ಲಿ ಮಾತ್ರ ಹೋಲಿಕೆಯಿದೆ. ದ್ರಾಕ್ಷಿಯಲ್ಲಂತೂ ಕಾಯಿ ಮೆತ್ತಗಾಗಿ ಸಕ್ಕರೆ ತುಂಬತೊಡಗುವ ಹಂತದಿಂದಲೇ ಕೈಟಿನೇಸ್ ಮತ್ತು ಈ ಪ್ರೋಟೀನುಗಳು ಸಂಗ್ರಹವಾಗುತ್ತ ಹೋಗುತ್ತವೆ.

ಇಂತಹ ಪ್ರೋಟೀನುಗಳನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು 1970ರಲ್ಲಿ, ವೈರಾಣು ತಗುಲಿದ ತಂಬಾಕಿನ ಎಲೆಗಳಲ್ಲಿ. ರೋಗ ಬಂದ ಮೇಲೆ ಹುಟ್ಟುವ ವಸ್ತುಗಳೆಂದೇ ಆಗ ಭಾವಿಸಲಾಗಿತ್ತು. ಹಣ್ಣಿನಲ್ಲಾದರೋ ಯಾವ ರೋಗವೂ ತಗುಲದಿದ್ದರೂ ಇವು ಸಿದ್ಧವಾಗಿರುತ್ತವೆ. ಎಲ್ಲವೂ ಕಾವಲಿಗಾಗಿಯೇ ಇವೆಯೆಂದೂ ಹೇಳಲಾಗದು. ಬಾಳೆಗಾಯಿಯಲ್ಲಿ ಹೇರಳವಾಗಿರುವ, ಕೈಟಿನೇಸನ್ನು ಹೋಲುವ ಒಂದು ಪ್ರೋಟೀನು ಮಾಗುವಾಗ ಕಡಿಮೆಯಾಗುತ್ತದೆ. ಹೊಸ ಪ್ರೋಟೀನುಗಳ ನಿರ್ಮಾಣಕ್ಕೆ ಬೇಕಾದ ಕಚ್ಚಾವಸ್ತುವಿನ ಕಣಜ ಅದಾಗಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ.

ರಕ್ಷಕ ಪ್ರೋಟೀನೆಂಬ ಹೆಸರು ಕೇಳಿದೊಡನೆ ಅದನ್ನು ತಿಂದವರಿಗೂ ರೋಗನಿರೋಧಕ ಶಕ್ತಿ ಬರುವುದೆಂದು ತಿಳಿಯಬಾರದು. ನೂರು ಗ್ರಾಂ ಬಾಳೆಹಣ್ಣಿನಲ್ಲಿರುವ ಒಟ್ಟು ಪ್ರೋಟೀನೇ ಸುಮಾರು ಒಂದು ಗ್ರಾಂ. ಅದರ ಬಹುಪಾಲು ಇತರ ಆಹಾರದಂತೆಯೇ ಜಠರದಲ್ಲಿ ಜೀರ್ಣವಾಗುತ್ತದೆ. ಅವು ಕಾಯುವುದು ಹಣ್ಣನ್ನು, ನಮ್ಮನ್ನಲ್ಲ. ಅಷ್ಟೇ ಅಲ್ಲ, ಕೆಲವರಿಗೆ ಇವೇ ತೊಂದರೆ ಕೊಡುತ್ತವೆ.

ಬಾಳೆಹಣ್ಣು ತಿಂದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ, ಗಂಟಲುಗಳಲ್ಲಿ ತುರಿಕೆಯಾಗುವವರಿದ್ದಾರೆ. ಇವರಲ್ಲಿ ಹಲವರಿಗೆ ರಬ್ಬರ್ ಕೈಗವಸು ಅಥವಾ ಬಲೂನು ತಾಗಿದರೂ ಮೈ ತುರಿಸುತ್ತದೆ. ರಬ್ಬರ್ ಮರವೂ ಗಾಯವಾದಾಗ ತನ್ನನ್ನು ಕಾಯಲು ಹಾಲಿನಲ್ಲಿ ಹೆವೀನ್ ಎಂಬ ಪ್ರೋಟೀನನ್ನು ಇಟ್ಟುಕೊಂಡಿದೆ. ಬಾಳೆ, ಬೆಣ್ಣೆಹಣ್ಣು, ಚೆಸ್ಟ್‌ನಟ್‌ಗಳ ಒಂದು ಬಗೆಯ ಕೈಟಿನೇಸಿನ ತುದಿಭಾಗವು ಈ ಹೆವೀನಿನ ಅಚ್ಚಿನಲ್ಲಿಯೇ ಇದೆ. ರಬ್ಬರಿಗೆ ವಿರುದ್ಧವಾಗಿ ದೇಹವು ತಯಾರಿಸಿದ ಪ್ರತಿಕಾಯಗಳು ಹಣ್ಣಿನ ಪ್ರೋಟೀನನ್ನೂ ಅದೇ ಶತ್ರುವೆಂದು ಭ್ರಮಿಸುತ್ತವೆ. ರಬ್ಬರ್ ಅಲರ್ಜಿಯುಳ್ಳವರಲ್ಲಿ ಶೇ. 30ರಿಂದ 50ರಷ್ಟು ಜನರಿಗೆ ಯಾವುದಾದರೊಂದು ಹಣ್ಣು ಒಗ್ಗುವುದಿಲ್ಲ. ದಿನವೂ ಕೈಗವಸು ತೊಡುವ ದಾದಿಯರು, ಚಿಕ್ಕಂದಿನಿಂದ ಪದೇ ಪದೇ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳು ಇದಕ್ಕೆ ಹೆಚ್ಚು ಈಡಾಗುತ್ತಾರೆ. ಪರಾಗದ ಅಲರ್ಜಿಯಿಂದಲೂ ಇಂಥದೇ ತುರಿಕೆ ಬರಬಹುದಾದ್ದರಿಂದ ಕಾರಣವನ್ನು ವೈದ್ಯರೇ ಪರೀಕ್ಷಿಸಿ ನಿರ್ಧರಿಸಬೇಕು.

ಎಥಿಲೀನ್ ತಾಗಿಸಿದಾಗ ಹಣ್ಣಿನಲ್ಲಿ ಈ ಬಗೆಯ ಕೈಟಿನೇಸ್ ಹೆಚ್ಚುವುದೂ ಕಾಯಿಸಿದಾಗ ಅದರ ಅಲರ್ಜಿಕಾರಕ ಗುಣ ಕುಂದುವುದೂ ಪ್ರಯೋಗಗಳಲ್ಲಿ ಕಂಡುಬಂದಿವೆ. ಇದನ್ನು ಕೇಳಿ ಎಥಿಲೀನ್ ಕೊಠಡಿಯಲ್ಲಿ ಮಾಗಿಸಿದ ಹಣ್ಣಿಗೆ ಎಲ್ಲರೂ ಅಂಜಬೇಕಾಗಿಲ್ಲ. ಆ ಅನಿಲದ ಮಿತಬಳಕೆಗೆ ನಮ್ಮ ದೇಶದಲ್ಲಿ ಅನುಮತಿಯಿದೆ, ನಿಷೇಧವಿರುವುದು ಕ್ಯಾಲ್ಸಿಯಂ ಕಾರ್ಬೈಡ್‌ಗೆ. ಹಾಗೆಯೇ ಹಿಂದೆ ತೊಂದರೆಯಾದವರು ಬೇಯಿಸಿ ತಿಂದು ನೋಡೋಣವೆಂದು ಮನೆಯಲ್ಲಿ ಪರೀಕ್ಷೆಗೆ ಇಳಿಯಬಾರದು.

ನಮ್ಮಲ್ಲಿ ಬಾಳೆಹಣ್ಣು ಪೂಜೆಗೂ ಬೇಕು, ಉಪವಾಸದ ಫಲಾಹಾರಕ್ಕೂ ಬೇಕು. ಪ್ರಸಾದವೆಂದು ಕೊಟ್ಟದ್ದನ್ನು ಬೇಡವೆನ್ನಲು ಸಂಕೋಚಪಟ್ಟು, ಗಂಟಲು ಕೆರೆಯುತ್ತಿದ್ದರೂ ನುಂಗುವವರುಂಟು. ದಾಸೋಹದ ಪಂಕ್ತಿಯಲ್ಲಿ ಯಾರಾದರೂ ಹಣ್ಣನ್ನು ಬದಿಗಿಟ್ಟರೆ ಬಡಿಸುವವರು ಒತ್ತಾಯಿಸದಿರುವುದು ಲೇಸು. ಮಕ್ಕಳು ಹಣ್ಣು ಚುಚ್ಚುತ್ತದೆ ಎಂದರೆ ಹಟವೆಂದು ಗದರದೆ, ಬಾಯಿ ಮತ್ತು ತುಟಿಗಳನ್ನು ನೋಡಬೇಕು. ಮುಖ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ, ತಲೆಸುತ್ತು ಬಂದರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬಾಳೆಹಣ್ಣಿನಿಂದ ಬಾಯಿ ತುರಿಸುವವರು ಹಲ್ಲು ಕೀಳಿಸುವ ಮುನ್ನ, ಶಸ್ತ್ರಚಿಕಿತ್ಸೆಗೆ ಅಥವಾ ಹೆರಿಗೆಗೆ ದಾಖಲಾಗುವ ಮುನ್ನ ಅದನ್ನು ವೈದ್ಯರಿಗೆ ತಿಳಿಸಬೇಕು. ರಬ್ಬರ್ ಹಾಲಿನಿಂದ ಮಾಡದ ಕೈಗವಸುಗಳೂ ದೊರೆಯುತ್ತವೆ. ಮೊದಲೇ ತಿಳಿದಿದ್ದರೆ ಅವರು ಅವನ್ನು ಸಿದ್ಧವಾಗಿಟ್ಟುಕೊಳ್ಳುತ್ತಾರೆ.